ಹಸುವಿನ ನೋಟು

ನಾಗಮಂಗಲ
೨-೯-೧೯೯೪

ಪ್ರಮೀಳಾ,

ನಿನ್ನನ್ನು ಪಾಂಡವಪುರದ ಬಸ್ಸಿಗೆ ಹತ್ತಿಸಿ ಮನೆಗೆ ಬಂದವನು ಮೊದಲು ನನ್ನ ವಿದೇಶಿ ನೋಟುಗಳ ಆಲ್ಬಮ್ ಬಿಚ್ಚಿದೆ. ಮೂರು ಜಾಗ ಖಾಲಿ. ನಿನ್ನ ಮೇಲೆ ಕೈ ಮಾಡಲಿಲ್ಲವೆಂದು ನಮ್ಮವ್ವನಿಗೇ ಆಶ್ಚರ್ಯ. ನಾನು ಹೊಡೆಯುವ ಗಂಡಸಲ್ಲ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಇಷ್ಟು ವರ್ಷವಾಯಿತು, ಒಂದು ಹುಡುಗನಿಗೂ ಬೆತ್ತ ಮುಟ್ಟಿಸಿಲ್ಲ.

ಮುಂದೆ ನೀನು ನೆನಪಿಲ್ಲ ಅನ್ನಬಾರದು, ಅದಕ್ಕೆ ಬರೆಯುತ್ತಿದ್ದೇನೆ. ವರಮಹಾಲಕ್ಷ್ಮಿ ಹಬ್ಬದ ದಿನ ನಾನು ಸ್ಕೂಲಿನಿಂದ ಬಂದೆ. ಕಲಶದ ಎಡಕ್ಕೆ ಜಾಂಬಿಯಾದ ಐನೂರು ಕ್ವಾಚಾ ನೋಟು, ಬಲಕ್ಕೆ ದಕ್ಷಿಣ ಆಫ್ರಿಕಾದ ಇಪ್ಪತ್ತು ರ್‍ಯಾಂಡು. ನೀನು ಎರಡನ್ನೂ ಬೀಸಣಿಗೆಯ ಹಾಗೆ ನೆರಿಗೆ ಹಿಡಿದು, ನಡುವಿಗೆ ದಾರ ಬಿಗಿದು, ಲಕ್ಷ್ಮಿಯ ಸೀರೆಗೆ ಪಿನ್ನು ಚುಚ್ಚಿದ್ದೆ. ಮುಂದೆ ಬೋಟ್ಸ್ವಾನಾದ ಒಂದು ಪುಲದ ಹಸುವಿನ ನೋಟು, ಅದರ ಮೇಲೆ ಅರಿಸಿನ ಕುಂಕುಮ, ಅದರ ಮೇಲೆ ಎಣ್ಣೆ ಜಿನುಗುವ ದೀಪ. ಕೇಳಿದ್ದಕ್ಕೆ ಏನಂದೆ? 'ಲಕ್ಷ್ಮಿಗೆ ಎರಡ್ ಕಡೆನೂ ಆನೆ ಇರ್ತವಲ್ರೀ, ಅದಕ್ಕೆ ಆನೆ ನೋಟು. ಹಸ ಇರೋದು ಒಳ್ಳೇದಲ್ವಾ? ಸಿಂಹ, ಚಿರತೆ ಇರೋವ್ನ ಮುಟ್ಟಿಲ್ಲ ಕಣ್ರೀ.' ಇದನ್ನು ನೀನು ನಗುತ್ತಾ ಹೇಳಿದೆ.

ನಿಮ್ಮಣ್ಣ ದೇವರಾಜು ಜಾಂಬಿಯಾದ ಸಕ್ಕರೆ ಕಾರ್ಖಾನೆಯಲ್ಲಿದ್ದಾನೆ. ಅವನಿಗೆ ಬರೆ. ಆ ಮೂರೂ ನೋಟು ಬೇಕು. ಮಡಿಕೆ ಬಿದ್ದಿರಬಾರದು, ಯಾರ ಬೆವರೂ ತಗಲಿರಬಾರದು, ಗರಿಗರಿ ಇರಬೇಕು. ಮೂರೂ ಬಂದ ಮೇಲೆ ಪದ್ಧತಿಯಂತೆ ನಾನೇ ಬಂದು ನಿನ್ನನ್ನು ಕರೆದುಕೊಂಡು ಬರುತ್ತೇನೆ. ಅಲ್ಲಿವರೆಗೆ ಅಲ್ಲೇ ಇರು. ಬಾಣಂತನ ಹೇಗೂ ತವರಿನವರದೇ.

ತಿಮ್ಮರಾಜು


ಪಾಂಡವಪುರ
೧೪-೯-೧೯೯೪

ನಮ್ಮ ಮನೆಯವರಿಗೆ ಪ್ರಮೀಳಾ ಮಾಡುವ ನಮಸ್ಕಾರ.

ಹೊಡೆದಿದ್ದರೆ ಅತ್ತು ಸುಮ್ಮನಾಗುತ್ತಿದ್ದೆ. ಏಳು ತಿಂಗಳ ಬಸುರಿಯನ್ನು ಚೀಲದ ಸಮೇತ ಬಸ್ಸಿಗೆ ಹತ್ತಿಸಿ, ಕಿಟಕಿಯ ಹತ್ತಿರ ಬಂದು 'ಗರಿಗರಿ ಇರ್ಬೇಕು' ಅಂದಿರಲ್ಲ, ಪಕ್ಕದಲ್ಲಿದ್ದ ಹೆಂಗಸು ಹಪ್ಪಳದ ಮಾತು ಅಂದುಕೊಂಡಳು. ನನಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು.

ನನ್ನದು ತಪ್ಪೇ. ಹಬ್ಬಕ್ಕೆ ಚೆಂದ ಕಾಣಲಿ ಅಂತ ಆಸೆಪಟ್ಟೆ. ಆದರೆ ಒಂದು ಮಾತು ಹೇಳದೆ ಇದ್ದರೆ ನನಗೆ ಅನ್ನ ಸೇರಲ್ಲ. ಆ ಆಲ್ಬಮ್ ಬೀರುವಿನ ಮೇಲಿಂದ ಇಳಿಸಿ ಕೊಟ್ಟಿದ್ದು ನಿಮ್ಮವ್ವ. 'ಆ ಆನೆ ನೋಟ್ನ ಮಡುಗವ್ವ ಪ್ರಮೀಳಾ, ಲಕ್ಷ್ಮಮ್ಮಂಗೆ ಲಕ್ಸಣ್ವಾಗಿ ಕಾಣ್ತದೆ' ಅಂದಿದ್ದೂ ಅವರೇ. ನೀವು ಕೂಗಾಡಿದಾಗ ಅವರು ಒಗ್ಗರಣೆಯ ಹೊಗೆಯಲ್ಲಿ ಮುಖ ಮುಚ್ಚಿಕೊಂಡರು. ಹೋಗಲಿ, ವಯಸ್ಸಾದವರು.

ಅಣ್ಣನಿಗೆ ಇವತ್ತೇ ಬರೆದಿದ್ದೇನೆ. ಹೊಟ್ಟೆಯಲ್ಲಿರುವುದು ಒದೆಯುತ್ತಿದೆ. ನಿಮ್ಮ ಹಾಗೆ ಗುಮ್ಮನಗುಸಕ ಅಲ್ಲ ಅಂತ ಕಾಣುತ್ತೆ. ನನಗೆ ಒಂದು ಕೇಳಬೇಕು ಅನ್ನಿಸುತ್ತಿದೆ: ನಾನು ಹೆಚ್ಚೋ, ಆ ನೋಟು ಹೆಚ್ಚೋ?

ನಿಮ್ಮವಳು
ಪ್ರಮೀಳಾ


ನಾಗಮಂಗಲ
೧-೧೦-೧೯೯೪

ಪ್ರಮೀಳಾ,

ನಮ್ಮವ್ವನನ್ನು ಕೇಳಿದೆ. 'ನಂಗೇನ್ ಗೊತ್ತು ಮಗ, ನಾನು ಒಲೆ ಮುಂದಿದ್ದೆ' ಎಂದಳು. ಅವಳು ಸುಳ್ಳು ಹೇಳುತ್ತಿದ್ದಾಳೆ ಎಂದು ನನಗೆ ಗೊತ್ತು. ಆದರೆ ಅವಳನ್ನು ತವರಿಗೆ ಕಳಿಸೋಣವೆಂದರೆ ಅಲ್ಲಿ ಯಾರೂ ಉಳಿದಿಲ್ಲ.

ನೀನು ಹೆಚ್ಚೋ ನೋಟು ಹೆಚ್ಚೋ ಎಂದು ಕೇಳಿದ್ದೀಯ. ಕೇಳಿದ್ದಕ್ಕೆ ಹೇಳುತ್ತೇನೆ. ಹೆಣ್ಣು ನೋಡಲು ನಿಮ್ಮ ಮನೆಗೆ ಬಂದ ದಿನ ದೇವರಾಜು ರಜದಲ್ಲಿದ್ದ. ನೀನು ಉಪ್ಪಿಟ್ಟು ತಂದಿಟ್ಟೆ. ಅವನು ಜೇಬಿನಿಂದ ಜಾಂಬಿಯಾದ ಒಂದು ನೋಟು ತೆಗೆದು ತೋರಿಸಿದ. ಒಂದು ಕಡೆ ಮೀನು ಹಿಡಿಯುವ ಹದ್ದು, ತಿರುಗಿಸಿದರೆ ಕೈಗೆ ತೊಡಿಸಿದ ಸಂಕೋಲೆಯನ್ನು ಎಳೆದು ತುಂಡು ಮಾಡಿದ ಮನುಷ್ಯ. ಎಷ್ಟು ಸಣ್ಣ ಗೆರೆಗಳು! ನಮ್ಮ ದೇಶದ ನೋಟು ನೋಡಿ ನೋಡಿ ಸತ್ತಿದ್ದ ಕಣ್ಣಿಗೆ ಜೀವ ಬಂತು. ಉಪ್ಪಿಟ್ಟು ಆರುವುದರೊಳಗೆ ಒಪ್ಪಿಗೆ ಎಂದೆ. ನಿನ್ನ ಮುಖವನ್ನು ಸರಿಯಾಗಿ ನೋಡಿದ್ದು ಧಾರೆಯ ಹೊತ್ತಿನಲ್ಲಿ.

ಇದನ್ನು ಬೇಜಾರು ಮಾಡಲು ಬರೆಯುತ್ತಿಲ್ಲ. ನೀನು ಕೇಳಿದ್ದರಿಂದ ಬರೆದೆ.

ತಿಮ್ಮರಾಜು


ಪಾಂಡವಪುರ
೨೫-೧೦-೧೯೯೪

ನಮ್ಮ ಮನೆಯವರಿಗೆ,

ಹೆಣ್ಣು ಕೂಸು ಹುಟ್ಟಿದೆ. ನಾನೂ ಚೆನ್ನಾಗಿದ್ದೇನೆ, ಅವಳೂ ಚೆನ್ನಾಗಿದ್ದಾಳೆ. ಕಿವಿ ನಿಮ್ಮದೇ, ಥೇಟು ನಿಮ್ಮದೇ. ನಮ್ಮವ್ವ ಕುಳ್ಳಮ್ಮ ಎತ್ತಿಕೊಂಡವಳೇ 'ಮೇಷ್ಟ್ರ ಕಿವಿ ಅಂಗೇ ಕಿತ್ತು ಇಟ್ಟವ್ನೆ ಸಿವ' ಅಂತ ನಕ್ಕಳು. ಹೋದ ಕಾಗದದಲ್ಲಿ ನೀವು ಬರೆದದ್ದನ್ನೆಲ್ಲ ಮರೆತುಬಿಡುತ್ತೇನೆ. ಒಂದು ಸಲ ಬಂದು ನೋಡಿ ಹೋಗಿ. ಕರೆದುಕೊಂಡು ಹೋಗಬೇಡಿ, ಬರೀ ನೋಡಿ.

ನಿಮ್ಮವಳು
ಪ್ರಮೀಳಾ


ನಾಗಮಂಗಲ
೭-೧೧-೧೯೯೪

ಪ್ರಮೀಳಾ,

ಕಾಗದ ಬಂತು. ಒಂದು ಕೆಟ್ಟ ಸುದ್ದಿ ಇದೆ. ಬೆಂಗಳೂರಿನ ಸಂಗ್ರಾಹಕರೊಬ್ಬರು ತಿಳಿಸಿದರು. ಬೋಟ್ಸ್ವಾನಾದವರು ಒಂದು ಪುಲದ ನೋಟನ್ನು ನಿಲ್ಲಿಸಿ ಅದರ ಬದಲು ನಾಣ್ಯ ಮಾಡಿಬಿಟ್ಟಿದ್ದಾರಂತೆ. ಇನ್ನು ಅದು ಅಚ್ಚಾಗುವುದಿಲ್ಲ. ಒಬ್ಬ ರೈತ ಕುಕ್ಕರಗಾಲಲ್ಲಿ ಕೂತು ಹಾಲು ಕರೆಯುತ್ತಿರುವ ಚಿತ್ರ ಅದು. ಪುಲ ಎಂದರೆ ಅವರ ಮಾತಿನಲ್ಲಿ ಮಳೆ. ದುಡ್ಡಿಗೆ ಮಳೆ ಎಂದು ಹೆಸರಿಟ್ಟು ಅದರ ಮೇಲೆ ಹಸು ಬರೆದ ಜನ! ನನಗೆ ಎರಡು ದಿನದಿಂದ ಊಟ ರುಚಿಸುತ್ತಿಲ್ಲ.

ದೇವರಾಜುಗೆ ಬೇಗ ಬರೆ. ಆನೆಗಳು ತಡವಾದರೂ ಸರಿ, ಹಸು ತಡವಾಗಬಾರದು.

ತಿಮ್ಮರಾಜು


ಪಾಂಡವಪುರ
೨೯-೧೧-೧೯೯೪

ಪ್ರೀತಿಯ ಅಣ್ಣನಿಗೆ,

ನೀನು ಕಳಿಸಿದ ಕ್ಯಾಲೆಂಡರು ಬಂತು. ಹಾಳೆ ಹಾಳೆಯ ನಡುವೆ ಮೂರೂ ನೋಟು ಇದ್ದವು, ಒಂದಕ್ಕೂ ಮುಕ್ಕಾಗಿಲ್ಲ. ಹಸುವಿನ ನೋಟಿಗೆ ನೀನು ಯಾರ್‍ಯಾರ ಕಾಲು ಹಿಡಿದೆಯೋ, ಎಲ್ಲೆಲ್ಲಿ ಅಲೆದೆಯೋ. ನಿನ್ನ ಋಣ ತೀರಿಸೋಕೆ ನನ್ನ ಕೈಲಾಗಲ್ಲ ಕಣಣ್ಣ.

ಅವತ್ತೇ ಮೂರನ್ನೂ ರಟ್ಟಿನಲ್ಲಿಟ್ಟು ನಾಗಮಂಗಲಕ್ಕೆ ಕಳಿಸೋಕೆ ಕೂತಿದ್ದೆ. ಅವ್ವ ಬಂದು ಕೈ ಹಿಡಿದುಕೊಂಡಳು. 'ಲೇ ಬೆಪ್ಪೆ, ಮೂರ್ನೂ ಒಟ್ಗೇ ಕೊಟ್ಬುಟ್ರೆ ಆಮೇಲೆ ನಿನ್ ತಾವ ಏನದೆ? ಒಂದೊಂದೇ ಕೊಡು. ನೋಟ್ಗೋಸ್ಕರ ಕಾಯ್ತಾ ಇರ್ಲಿ, ಕಾಯ್ತಾ ಕಾಯ್ತಾ ಕೂಸಿನ್ ಮ್ಯಾಲೆ ಒಸಿ ಮನಸ್ ಬಂದ್ರೂ ಬರಬೋದು' ಅಂದಳು. ಮೊದಲು ಸಿಟ್ಟು ಬಂತು. ನನ್ನ ಗಂಡನಿಗೆ ಮೇವು ತೋರಿಸಿ ದನ ಕರೆದ ಹಾಗೆ ಕರೆಯೋದಾ ಅಂತ. ಆಮೇಲೆ ಯೋಚನೆ ಮಾಡಿದೆ. ನೋಟಿನ ಮಾತೇ ಇಲ್ಲದೆ, ಬರೀ ಮಗಳಿಗಾಗಿ ಅವರು ಒಂದು ಸಲ ಈ ಹೊಸ್ತಿಲು ದಾಟಲಿ. ಅವತ್ತೇ ಉಳಿದದ್ದನ್ನೆಲ್ಲ ಅವರ ಕೈಗಿಟ್ಟು ಅವರ ಹಿಂದೆ ಹೋಗಿಬಿಡುತ್ತೇನೆ. ಅಲ್ಲಿವರೆಗೂ ಒಂದೊಂದೇ. ಮೊದಲು ಕ್ವಾಚಾ. ಹಸುವಿನದು ಕಡೆಗೆ.

ಅವರಿಗೆ ನೀನು ನೇರವಾಗಿ ಬರೆಯಬೇಡ. ಬರೆದರೂ ಹಸುವಿನ ನೋಟು ಸಿಕ್ಕಿಲ್ಲ ಅಂತಲೇ ಅನ್ನು. ಸುಳ್ಳು ಹೇಳಿಸುತ್ತಿದ್ದೇನೆ, ಬಯ್ಯಬೇಡ.

ನಿನ್ನ ತಂಗಿ
ಪ್ರಮೀಳಾ


ಪಾಂಡವಪುರ
೨-೧-೧೯೯೫

ನಮ್ಮ ಮನೆಯವರಿಗೆ,

ಅಣ್ಣ ಐನೂರು ಕ್ವಾಚಾ ಕಳಿಸಿದ್ದಾನೆ. ಉಳಿದವನ್ನು ಹುಡುಕುತ್ತಿದ್ದಾನಂತೆ. ಕಿಕ್ಕೇರಿಯ ನಮ್ಮ ಚಿಕ್ಕಯ್ಯಮಾವ ಇದನ್ನು ತರುತ್ತಿದ್ದಾರೆ. ಬನಿಯನ್ನಿನ ಒಳಗೆ ಇಟ್ಟುಕೊಳ್ಳಬೇಡಿ ಅಂತ ಹತ್ತು ಸಲ ಹೇಳಿ ಕಳಿಸಿದ್ದೇನೆ.

ಸಂಕ್ರಾಂತಿ ಕಳೆದ ಮೇಲೆ ಹೆಸರಿಡಬೇಕು. ಅಪ್ಪ ಇಲ್ಲದೆ ಹೆಸರಿಡೋದು ಹೇಗೆ? ಈಗ ಚಿನ್ನು ಅಂತ ಕರೆಯುತ್ತಿದ್ದೇವೆ. ಬೀದಿಯ ಹೆಂಗಸರು ದಿನಾ ನೀರು ಹಿಡಿಯೋಕೆ ಬಂದಾಗ 'ಮೂರ್ ತಿಂಗ್ಳಾಯ್ತಾ ಬಂತು, ಇನ್ನೂ ಕರ್ಕೊಂಡೋಗಕ್ ಬರ್ನಿಲ್ವಾ?' ಅಂತಾರೆ. ಪರೀಕ್ಷೆ, ಪೇಪರು, ಸ್ಕೂಲ್ ಡೇ ಅಂತ ಹೇಳಿ ಹೇಳಿ ನನ್ನ ಸುಳ್ಳಿನ ಚೀಲ ಖಾಲಿಯಾಯಿತು. ನಿಮಗೆ ಯಾವ ಹೆಸರು ಇಷ್ಟ, ಅದನ್ನಾದರೂ ಮಾವನ ಹತ್ತಿರ ಹೇಳಿ ಕಳಿಸಿ.

ನಿಮ್ಮವಳು
ಪ್ರಮೀಳಾ


ನಾಗಮಂಗಲ
೧೨-೧-೧೯೯೫

ಪ್ರಮೀಳಾ,

ಕ್ವಾಚಾ ಸುಖವಾಗಿ ತಲುಪಿತು. ಬೆಳಕಿಗೆ ಹಿಡಿದು ನೋಡಿದೆ, ಮಡಿಕೆ ಇಲ್ಲ. ಹತ್ತಿ ಬಿಡಿಸುವ ಹೆಂಗಸರ ಬೆರಳುಗಳನ್ನು ಭೂತಗನ್ನಡಿಯಲ್ಲಿ ಬೇರೆ ಬೇರೆಯಾಗಿ ನೋಡಬಹುದು. ಆನೆಯ ಹಣೆಯ ಸುಕ್ಕೂ ಕಾಣುತ್ತದೆ. ಕೆತ್ತಿದವನ ತಾಳ್ಮೆಗೆ ಕೈ ಮುಗಿಯಬೇಕು. ಎಂಥ ಮಮತೆಯಿಂದ ಮಾಡಿದ್ದಾನೆ!

ನಿಮ್ಮ ಮಾವ ಒಳ್ಳೆಯ ಮನುಷ್ಯ. ಕಲೆಯ ರುಚಿ ಇದೆ. ಇನ್ನು ಎರಡು.

ತಿಮ್ಮರಾಜು


ಪಾಂಡವಪುರ
೪-೨-೧೯೯೫

ಪ್ರೀತಿಯ ಅಣ್ಣನಿಗೆ,

ಚಿಕ್ಕಯ್ಯಮಾವನ ರಾಯಭಾರದ ಕಥೆ ಕೇಳು. ಹೋಗುವಾಗ ಮೀಸೆ ತಿರುವಿಕೊಂಡು ಹೋಗಿದ್ದರು. 'ನಾನ್ ಯೋಳ್ತೀನಿ ಬುಡು, ಅವ್ನೇನ್ ಗಂಡ್ಸೋ ಕಾಗ್ದದ್ ಗೊಂಬೆಯೋ ಅಂತ ಕೇಳೇ ಬರ್ತೀನಿ' ಅಂತ. ಬರುವಾಗ ಮುಖ ಅರಳಿತ್ತು. ಕೆಲಸ ಗೆದ್ದರು ಅಂದುಕೊಂಡು ನಾನು ಕಾಫಿಗೆ ಎರಡು ಚಮಚ ಸಕ್ಕರೆ ಜಾಸ್ತಿ ಹಾಕಿದೆ.

'ಕೂಸಿನ್ ಇಚಾರ ಎತ್ತಾಣ ಅಂತ ಬಾಯ್ ಬುಟ್ಟೆ ಕಣವ್ವ. ಅಷ್ಟೊತ್ಗೆ ಆ ದಪ್ಪನ್ ಬುಕ್ಕ ತಂದು ನನ್ ಮುಂದ್ ಮಡಗ್ದ. ಮುಟ್ಬ್ಯಾಡಿ, ಕಣ್ಣಲ್ಲೇ ನೋಡಿ ಅಂದ. ಒಂದ್ರಲ್ಲಿ ಸಿಂವ. ಒಂದ್ರಲ್ಲಿ ಕಾಡೆಮ್ಮೆ, ಅದ್ರ ಕೊಂಬು ನೋಡ್ಬೇಕು ನೀನು, ನೆತ್ತಿ ಮ್ಯಾಲೆ ಬೈತಲೆ ತೆಗ್ದಂಗೆ! ಒಂದ್ರಲ್ಲಿ ಚಿರ್ತೆ, ಎಲ್ಲಿ ಮೈಮ್ಯಾಲ್ ಎಗರ್‍ತದೋ ಅಂತ ಇಂದಕ್ ಸರುದ್ಬುಟ್ಟೆ. ಒತ್ತು ಓಗಿದ್ದೇ ತಿಳೀನಿಲ್ಲ. ಕೆ.ಆರ್. ಪೇಟೇಲಿ ಕಿಕ್ಕೇರಿ ಬಸ್ಸು ತಪ್ಪೋಯ್ತದೆ ಅಂತ ಎದ್ದೋಡಿ ಬಂದೆ.'

'ಮತ್ತೆ ಹೆಸರಿಡೋ ಮಾತು, ಮಾವ?' ಅಂದೆ. ಮುದುಕ ಹಣೆ ಚಚ್ಚಿಕೊಂಡ. 'ಅಯ್ಯೋ ಮಗ, ಮರ್ತೇ ಓಯ್ತಲ್ಲ' ಅಂದ. ಲೋಟ ಎತ್ತಿ ಬಿಸಾಡೋ ಅಷ್ಟು ಕೋಪ ಬಂತು. ಆಮೇಲೆ ಆತ ಚಿನ್ನುವನ್ನು ತೊಡೆಯ ಮೇಲೆ ಹಾಕಿಕೊಂಡು ಅತ್ತುಬಿಟ್ಟ. ನಾನೇ ಸಮಾಧಾನ ಮಾಡಬೇಕಾಯಿತು.

ಯುಗಾದಿಗೆ ರ್‍ಯಾಂಡು ಕಳಿಸುತ್ತೇನೆ. ಹಸುವಿನದು ನನ್ನ ಪೆಟ್ಟಿಗೆಯ ತಳದಲ್ಲಿ, ಧಾರೆ ಸೀರೆಯ ಅಡಿಯಲ್ಲಿದೆ. ಆಗಾಗ ತೆಗೆದು ನೋಡುತ್ತೇನೆ. ಆ ಹಾಲು ಕರೆಯುವವನ ಮೇಲೆ ನನಗೇನೂ ಕೋಪವಿಲ್ಲ.

ನಿನ್ನ ತಂಗಿ
ಪ್ರಮೀಳಾ


ನಾಗಮಂಗಲ
೧೬-೪-೧೯೯೫

ಪ್ರಮೀಳಾ,

ಯುಗಾದಿಗೆ ನೀನು ಕಳಿಸಿದ ರ್‍ಯಾಂಡು ಬಂತು. ಈಗ ದಕ್ಷಿಣ ಆಫ್ರಿಕಾದ ಸಾಲು ಪೂರ್ತಿಯಾಯಿತು. ಘೇಂಡಾಮೃಗ, ಆನೆ, ಸಿಂಹ, ಕಾಡೆಮ್ಮೆ, ಚಿರತೆ ಒಂದೇ ಹಾಳೆಯಲ್ಲಿ ಕುಳಿತಿವೆ. ಇಡೀ ಸಂಜೆ ನೋಡಿದೆ. ಮನೆ ತುಂಬಿದ ಹಾಗಿದೆ.

ಜೊತೆಗೆ ನೀನು ಇಟ್ಟಿದ್ದ ಫೋಟೊವನ್ನು ನಮ್ಮವ್ವನಿಗೆ ಕೊಟ್ಟಿದ್ದೇನೆ. ಇನ್ನು ಮುಂದೆ ನೋಟಿನ ಜೊತೆ ಫೋಟೊ ಇಡಬೇಡ. ಅದರ ಮೇಲಿನ ರಾಸಾಯನಿಕ ನೋಟಿನ ಬಣ್ಣಕ್ಕೆ ಅಂಟಿಕೊಳ್ಳುತ್ತದೆ.

ಹಸು ಒಂದು ಬಾಕಿ.

ತಿಮ್ಮರಾಜು


ಪಾಂಡವಪುರ
೨೦-೬-೧೯೯೫

ನಮ್ಮ ಮನೆಯವರಿಗೆ,

ನಿನ್ನೆ ಕೊಟ್ಟ ತಂತಿ ಸಿಕ್ಕಿರಬೇಕು. ಚಿನ್ನುವಿಗೆ ಮೂರು ದಿನದಿಂದ ಭೇದಿ. ಕಣ್ಣು ಗುಳಿ ಬಿದ್ದಿದೆ, ಅತ್ತರೆ ಕಣ್ಣೀರೂ ಬರುತ್ತಿಲ್ಲ. ಇಲ್ಲಿನ ಡಾಕ್ಟರು ನೋಡಿ, ಕೂಡಲೇ ಮೈಸೂರಿನ ದೊಡ್ಡಾಸ್ಪತ್ರೆಗೆ ಒಯ್ಯಿರಿ ಅಂದಿದ್ದಾರೆ. ಈಗ ಹೊರಟಿದ್ದೇವೆ, ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಅವ್ವ ಕೂಸನ್ನು ಹಿಡಿದುಕೊಂಡು ದೇವರನ್ನೆಲ್ಲ ಬಯ್ಯುತ್ತಿದ್ದಾಳೆ.

ನಿಮ್ಮ ಕಾಲಿಗೆ ಬೀಳುತ್ತೇನೆ, ಬನ್ನಿ. ನೋಟಿನ ಮಾತು ಆಮೇಲೆ. ಮಗು ನಿಮ್ಮದು. ಒಂದು ಸಲ ಅದರ ಮುಖ ನೋಡಿ.

ಪ್ರಮೀಳಾ


ನಾಗಮಂಗಲ
೨೬-೬-೧೯೯೫

ಪ್ರಮೀಳಾ,

ತಂತಿ ಬಂದಾಗ ನಾನು ಕ್ಲಾಸಿನಲ್ಲಿದ್ದೆ. ತಂತಿ ಎಂದ ಕೂಡಲೇ ಹಸುವಿನ ನೋಟು ಸಿಕ್ಕಿತೆಂದು ಸೀಮೆಸುಣ್ಣ ಬಿಸಾಡಿ ಒಡೆದೆ. ಹಾಗೆ ಆಸೆ ಹುಟ್ಟಿಸಬಾರದು. ಹಿಂದೆಯೇ ಕಾಗದವೂ ಬಂತು.

ಈಗ ಸ್ಕೂಲು ಶುರುವಾದ ಸಮಯ, ರಜ ಕೊಡುವುದಿಲ್ಲ. ಡಾಕ್ಟರು ಮಾಡುವುದನ್ನು ನಾನು ಬಂದು ಮಾಡಲಾರೆ. ಹಸು ಸಿಕ್ಕಿದ ದಿನ ತಂತಿ ಕೊಡು. ಮೊದಲ ಬಸ್ಸಿಗೇ ಬರುತ್ತೇನೆ, ರಜ ಇರಲಿ ಬಿಡಲಿ.

ತಿಮ್ಮರಾಜು


ಪಾಂಡವಪುರ
೧೩-೮-೧೯೯೫

ತಿಮ್ಮರಾಜು ಅವರಿಗೆ,

ಹೆಸರು ಹಿಡಿದು ಬರೆದೆ ಅಂತ ನಿಮ್ಮವ್ವ ಬಯ್ಯಬಹುದು, ಬಯ್ಯಲಿ. ಮಗಳು ಉಳಿದಳು. ನೀವು ಕೇಳಿಲ್ಲ, ಆದರೂ ಹೇಳುತ್ತಿದ್ದೇನೆ. ಆಸ್ಪತ್ರೆಯಲ್ಲಿ ಅವಳ ಕೈಯಲ್ಲಿ ನರ ಸಿಗದೆ ತಲೆಗೆ ಸೂಜಿ ಚುಚ್ಚಿದರು. ಕೂದಲು ಬೋಳಿಸಿದ ಜಾಗದಲ್ಲಿ ಈಗ ಹೊಸ ಕೂದಲು ಬರುತ್ತಿದೆ.

ಈಗ ಒಂದು ವಿಷಯ ಹೇಳುತ್ತೇನೆ, ಕೂತುಕೊಂಡು ಓದಿ. ಹಸುವಿನ ನೋಟು ಹೋದ ಕಾರ್ತಿಕದಿಂದಲೂ ನನ್ನ ಪೆಟ್ಟಿಗೆಯಲ್ಲಿದೆ. ಅಣ್ಣ ಮೂರನ್ನೂ ಒಟ್ಟಿಗೇ ಕಳಿಸಿದ್ದ. ನಾನು ಬೇಕು ಅಂತಲೇ ಒಂದೊಂದೇ ಕಳಿಸಿದೆ. ನೋಟಿನ ಹಂಗಿಲ್ಲದೆ, ಕೂಸು ಹೇಗಿದೆ ಅಂತ ಕೇಳಿಕೊಂಡು ನೀವು ಒಂದು ಸಲ ಬರುತ್ತೀರೇನೋ ಅಂತ ಕಾದೆ. ಹೆಸರಿಡೋಕೆ ಬರುತ್ತೀರಿ ಅಂದುಕೊಂಡೆ. ಯುಗಾದಿಗೆ ಬರುತ್ತೀರಿ ಅಂದುಕೊಂಡೆ. ಆಸ್ಪತ್ರೆಗಂತೂ ಬಂದೇ ಬರುತ್ತೀರಿ ಅಂತ ವಾರ್ಡಿನ ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದೆ.

ಅವತ್ತು ಅವ್ವ ನನ್ನ ಭುಜ ಹಿಡಿದು ಅಲ್ಲಾಡಿಸಿದಳು. 'ನಿನ್ ದಮ್ಮಯ್ಯ ಕಣೆ, ಹಸ ಬಂದದೆ ಅಂತ ತಂತಿ ಕೊಡೇ. ಅದಕ್ಕಾದ್ರೂ ಬತ್ತಾನೆ. ಕೂಸು ಕಣ್ ಮುಚ್ಕೊಳೋ ಮುಂಚೆ ಅಪ್ಪನ್ ಮೊಕ ನೋಡ್ಲಿ' ಅಂದಳು. ಎರಡೇ ಮಾತಿನ ತಂತಿ. ನೀವು ಮೊದಲ ಬಸ್ಸಿಗೇ ಓಡಿ ಬರುತ್ತಿದ್ದಿರಿ ಅಂತ ನನಗೆ ಆಗಲೇ ಗೊತ್ತಿತ್ತು, ಆಮೇಲೆ ನೀವೇ ಬರೆದಿರಿ. ನಾನು ಕೊಡಲಿಲ್ಲ. ನೋಟಿಗಾಗಿ ಬಂದವನನ್ನು ತೋರಿಸಿ 'ಇವನೇ ನಿಮ್ಮಪ್ಪ' ಅಂತ ಸಾಯೋ ಮಗುವಿಗೂ ಸುಳ್ಳು ಹೇಳೋದು ಬೇಡ ಅನ್ನಿಸಿತು. ನಾನು ಎಂಥ ತಾಯಿ ಅಂತ ಅವ್ವ ಇವತ್ತಿಗೂ ನನ್ನ ಹತ್ತಿರ ನೆಟ್ಟಗೆ ಮಾತಾಡುತ್ತಿಲ್ಲ. ನೀವು ನನ್ನನ್ನು ಅಷ್ಟು ಗಟ್ಟಿ ಮಾಡಿಬಿಟ್ಟಿರಿ.

ಆಸ್ಪತ್ರೆಯಿಂದ ಬಂದ ಮೇಲೆ ನಿಮ್ಮ ಕಾಗದಗಳನ್ನೆಲ್ಲ ತೆಗೆದು ಓದಿದೆ. ಹಸು ಇದೆ, ಆನೆ ಇದೆ, ಹತ್ತಿ ಬಿಡಿಸುವವರ ಬೆರಳಿದೆ. ಮಗು ಅನ್ನುವ ಮಾತು ಒಂದು ಕಡೆಯೂ ಇಲ್ಲ. ಬರೆಯೋಕೆ ಆಗದಷ್ಟು ದೊಡ್ಡ ಮಾತೇ ಅದು? ಥೂ, ನಿಮ್ಮ ಜನ್ಮಕ್ಕಿಷ್ಟು!

ಮೊನ್ನೆ ಶುಕ್ರವಾರ ಗಂಜಾಂಗೆ ಹೋಗಿ ನಿಮಿಷಾಂಬನ ಮುಂದೆ ಹೆಸರಿಟ್ಟೆವು. ರಂಜಿತ. ಕಿವಿಯಲ್ಲಿ ಹೆಸರು ಹೇಳಿದ್ದು ಚಿಕ್ಕಯ್ಯಮಾವ. ಇನ್ನು ನೀವು ಕರೆಯೋಕೆ ಬರಬೇಡಿ, ಬಂದರೂ ನಾನು ಹೊರಡಲ್ಲ. ಆ ನೋಟನ್ನು ನಾನು ಹರಿದಿಲ್ಲ, ಸುಟ್ಟಿಲ್ಲ, ಅದರ ತಪ್ಪೇನಿದೆ. ಆದರೆ ನಿಮಗೆ ಕೊಡುವುದಿಲ್ಲ.

ಪ್ರಮೀಳಾ


ನಾಗಮಂಗಲ
೧೮-೮-೧೯೯೫

ಪ್ರಮೀಳಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ನೋಟು ಕಾರ್ತಿಕದಿಂದ ನಿನ್ನಲ್ಲೇ ಇದೆ ಎಂದು ತಿಳಿದು ಎದೆಯ ಮೇಲಿನ ಭಾರ ಇಳಿಯಿತು. ಎಲ್ಲೋ ಯಾರದೋ ಕೈಯಲ್ಲಿ ತಿರುಗಿ ತಿರುಗಿ ಸವೆಯುತ್ತಿದೆಯೆಂದು ಇಷ್ಟು ದಿನ ಕೊರಗಿದ್ದೆ. ಪೆಟ್ಟಿಗೆಯೊಳಗೆ ಇದ್ದದ್ದರಿಂದ ಬಣ್ಣ ಹೋಗಿರುವುದಿಲ್ಲ. ಅದರಲ್ಲಿ ನುಸಿಗುಳಿಗೆ ಹಾಕಿದ್ದರೆ ಮಾತ್ರ ಇವತ್ತೇ ತೆಗೆ, ಕಲೆ ಬೀಳುತ್ತದೆ.

ಬರುವುದು ಬಿಡುವುದು ನಿನ್ನಿಷ್ಟ. ಅದಕ್ಕೆ ನನ್ನ ತಕರಾರಿಲ್ಲ. ಕೋಪ ಇಳಿದ ಮೇಲೆ ನೋಟನ್ನು ಎರಡು ಗಟ್ಟಿ ರಟ್ಟುಗಳ ನಡುವೆ ಇಟ್ಟು ರಿಜಿಸ್ಟರ್ ಅಂಚೆಯಲ್ಲಿ ಕಳಿಸು. 'ಬಗ್ಗಿಸಬಾರದು' ಎಂದು ಮೇಲೆ ಕೆಂಪು ಶಾಯಿಯಲ್ಲಿ ಬರೆ.

ಅಲ್ಲಿಯವರೆಗೆ ಎತ್ತರದ ಜಾಗದಲ್ಲಿ ಇಡು. ಮಗುವಿನ ಕೈಗೆ ಸಿಗದ ಹಾಗೆ ನೋಡಿಕೊ.

ತಿಮ್ಮರಾಜು